ಮುಂದಿನ ಸಾಲಿನ ಕುಂಕುಮ

ಮೈಸೂರು
೫ ನವೆಂಬರ್ ೨೦೧೩

ಜಾಹ್ನವಿಗೆ, ನಿನ್ನ ಅತ್ತೆಯಿಂದ.

ಊರು ಸೇರಿ ವಾರ ದಾಟಿತು. ವಿಮಾನದಲ್ಲಿ ಕೂತು ಊದಿಕೊಂಡಿದ್ದ ಕಾಲು ಈಗಷ್ಟೇ ಚಪ್ಪಲಿಯೊಳಗೆ ಹೋಗುತ್ತಿದೆ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಮಗರಾಯ ಸುಹಾಸ್ ಕಂಪ್ಯೂಟರಿನಲ್ಲಿ ಮುಖ ತೋರಿಸಿ ಅಲ್ಲಿಂದ ಕಿರುಚುತ್ತಾನೆ, ನಾನು ಇಲ್ಲಿಂದ ಕಿರುಚುತ್ತೇನೆ, ಪಕ್ಕದ ಮನೆಯವರು ಯಾರೋ ಜಗಳವಾಡುತ್ತಿದ್ದಾರೆಂದು ಕಿಟಕಿ ತೆರೆಯುತ್ತಾರೆ. ಅದಕ್ಕಿಂತ ಕಾಗದವೇ ವಾಸಿ. ಬಸ್ ಡಿಪೊದ ಆಫೀಸಿನಲ್ಲಿ ಕೂತು ಒಂದು ಆಯುಷ್ಯ ಬರೆದ ಕೈ ಇದು, ರಿಟೈರಾದರೂ ಸುಮ್ಮನಿರಲು ಒಪ್ಪುವುದಿಲ್ಲ.

ಅಮೆರಿಕದಲ್ಲಿ ಆರು ತಿಂಗಳು ನನ್ನನ್ನು ನೋಡಿಕೊಂಡಿರಿ. ಬರುವ ಮೊದಲು ನನಗೆ ನಿಜವಾಗಿ ಅಳುಕಿತ್ತು. ನೀನು ಕೈತುಂಬ ಸಂಬಳದ ಕೆಲಸ ಬಿಟ್ಟು ಮತ್ತೆ ಓದಲು ಸೇರಿದಾಗ ನನಗೆ ಸರಿಬಂದಿರಲಿಲ್ಲ, ಅದು ನಿನಗೂ ಗೊತ್ತಿತ್ತು. ಆದರೆ ಇಬ್ಬರೂ ಆ ಮಾತು ಎತ್ತಲಿಲ್ಲ. ಕ್ರಾಸ್‌ರೋಡ್ಸಿನ ಅಂಗಡಿಗಳ ನಡುವೆ ಕಾಫಿ ಹಿಡಿದು ಕೂತು, ಮುದುಕರು ಸೊಂಟದೆತ್ತರದ ಚದುರಂಗದ ಕಾಯಿಗಳನ್ನು ಹೊತ್ತು ಓಡಾಡುವುದನ್ನು ನೋಡುತ್ತಿದ್ದೆವಲ್ಲ, ಅಲ್ಲೇ ಎಲ್ಲೋ ಅದು ಕರಗಿಹೋಯಿತು ಎಂದುಕೊಂಡಿದ್ದೇನೆ.

ನಿಮ್ಮೂರಿನ ಬಸ್ಸು ನನಗೆ ಬಹಳ ಹಿಡಿಸಿತು. ವಯಸ್ಸಾದವರು ನಿಂತಿದ್ದರೆ ಬಾಗಿಲಿನ ಕಡೆ ತಾನಾಗಿ ತಗ್ಗುತ್ತದೆ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಆ ಅಭ್ಯಾಸ ನನಗೂ ಅಂಟಿಬಿಟ್ಟಿದೆ. ಮೊನ್ನೆ ಇಲ್ಲಿ ಸಿಟಿ ಬಸ್ಸಿನಿಂದ ಇಳಿಯುವಾಗ "ಥ್ಯಾಂಕ್ಸ್ ಕಣಪ್ಪ" ಅಂದೆ. ಕಂಡಕ್ಟರು ಗಾಬರಿಯಾಗಿ, "ಚಿಲ್ರೆ ಕೊಟ್ಟಾಯ್ತಲ್ಲಮ್ಮ" ಅಂದ.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಿರುವುದು ಆಯುಧಪೂಜೆಯ ಭಾನುವಾರ ನೀನು ನನ್ನನ್ನು ವಿಶ್ವವಿದ್ಯಾಲಯದ ಲ್ಯಾಬಿಗೆ ಕರೆದುಕೊಂಡು ಹೋದದ್ದು. ಬಿಸಿಲು ಬಾರದ ಊರಿನಲ್ಲಿ ಪೆಟ್ಟಿಗೆಯೊಳಗೊಂದು ಸೂರ್ಯನನ್ನು ಇಟ್ಟುಕೊಂಡಿದ್ದೀರಿ. ತುಕ್ಕು ಬಳಿದ ಗಾಜಿನ ಬಿಲ್ಲೆಯನ್ನು ನೀರಿಗಿಳಿಸಿ ಆ ಬೆಳಕು ಬಿಟ್ಟರೆ ನೀರು ಒಡೆದು ಹೈಡ್ರೋಜನ್ ಬರುತ್ತದೆ, ಮುಂದೊಂದು ದಿನ ಬಸ್ಸು ಅದರಲ್ಲೇ ಓಡುತ್ತದೆ, ಹೊಗೆಯೇ ಇರುವುದಿಲ್ಲ ಅಂದೆಯಲ್ಲ. ಡೀಸೆಲ್ ವಾಸನೆಯಲ್ಲೇ ಬುತ್ತಿ ಬಿಚ್ಚಿ ಉಂಡವಳು ನಾನು. ನೀನು ಯಾಕೆ ಕೆಲಸ ಬಿಟ್ಟೆ ಎನ್ನುವುದು ಅವತ್ತು ಅರ್ಥವಾಯಿತು.

ನಮ್ಮ ಡಿಪೊದಲ್ಲಿ ಆಯುಧಪೂಜೆಯ ದಿನ ಒಂದು ಬಸ್ಸನ್ನೂ ಬರಿದಾಗಿ ಬಿಡುತ್ತಿರಲಿಲ್ಲ. ಅದಕ್ಕೇ, ನಿಮ್ಮ ಗೈಡ್ ಮೇಡಂ ಫೋನು ಬಂತೆಂದು ನೀನು ಆಚೆ ಹೋದಾಗ, ಕೈಚೀಲದಿಂದ ಭರಣಿ ತೆಗೆದು, ಕುಂಕುಮವನ್ನು ಒಂದು ಹನಿ ನೀರಿನಲ್ಲಿ ಕಲಸಿ, ಕೈಗೆ ಎಟುಕಿದ ಬಿಲ್ಲೆಗಳಿಗೆ ಉಂಗುರದ ಬೆರಳಿನಿಂದ ಒಂದೊಂದು ಚುಕ್ಕೆ ಇಟ್ಟೆ. ದೊಡ್ಡ ಯಂತ್ರಕ್ಕೆ ಇಟ್ಟರೆ ಮೇಡಂ ಏನೆಂದುಕೊಳ್ಳುತ್ತಾರೋ ಎಂದು ಬಿಟ್ಟೆ. ಬಿಲ್ಲೆಯ ಬಣ್ಣಕ್ಕೂ ಕುಂಕುಮದ ಬಣ್ಣಕ್ಕೂ ವ್ಯತ್ಯಾಸವಿಲ್ಲ, ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಅದು ನಿನಗೆ ಅನ್ನ ಕೊಡುವ ಸಾಮಾನು, ಹಬ್ಬದ ದಿನ ಹಾಗೇ ಇರಬಾರದು.

ನನ್ನ ತಂಗಿ ಗೌರಾದೇವಿ ಟೀವಿಯ ಮುಂದಿಂದ ಏಳದೆಯೇ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳುತ್ತಿದ್ದಾಳೆ. ಸ್ವೆಟರ್ ಹಾಕಿಕೊಂಡೇ ಬಸ್ಸು ಹತ್ತು.

ಪ್ರೇಮಮ್ಮ


ಬೆಲ್‌ವ್ಯೂ
೮ ನವೆಂಬರ್ ೨೦೧೩

ಅತ್ತೆ,

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಬರುವವರೆಗೆ ತಡೆಯಲಾರದೆ ನಾನೇ ಬರೆಯುತ್ತಿದ್ದೇನೆ. ನೀವು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಸುಹಾಸ್ ಡೆನ್ನಿ ಟ್ರಯಾಂಗಲ್‌ನ ಆಫೀಸಿನಿಂದ ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಏನೋ ಒಂದು ಕರೀತಿದ್ರು" ಎಂದು ನನ್ನ ಮುಖ ನೋಡುತ್ತಾರೆ. ನಾನು ಚಿಪ್ಸ್ ಪ್ಯಾಕೆಟ್ ಕೊಡುತ್ತೇನೆ.

ಒಂದು ಸಂಗತಿಯನ್ನು ನೀವಿದ್ದಾಗ ಮುಚ್ಚಿಟ್ಟಿದ್ದೆ. ನನ್ನ ಕೆಲಸಕ್ಕೆ ಬರುವ ಹಣ ಈ ಮಾರ್ಚಿಗೆ ಮುಗಿಯುತ್ತದೆ. ಹೊಸ ಅನುದಾನ ಸಿಗಬೇಕಾದರೆ ಏನಾದರೂ ತೋರಿಸಬೇಕು. ಮೂರು ವರ್ಷದಿಂದ ತೋರಿಸುವಂಥದ್ದು ಏನೂ ಇರಲಿಲ್ಲ. ಸಿಗದಿದ್ದರೆ ಪಿಎಚ್‌ಡಿ ಇಲ್ಲ, ಒಂದು ಎಂ.ಎಸ್. ಕೈಗೆ ಕೊಟ್ಟು ಕಳಿಸುತ್ತಾರೆ. ನಿಮ್ಮ ಮುಂದೆ ಇದನ್ನು ಹೇಳಿದರೆ, ನಾನು ಅವತ್ತೇ ಹೇಳಿರಲಿಲ್ಲವೇ ಎಂದು ನೀವು ಅನ್ನುತ್ತೀರೆಂದು ಹೆದರಿದ್ದೆ. ನೀವು ಅನ್ನುತ್ತಿರಲಿಲ್ಲ ಎಂದು ಈಗ ಗೊತ್ತು.

ಈಗ ಒಳ್ಳೆಯ ಸುದ್ದಿ. ನೀವು ಲ್ಯಾಬಿಗೆ ಬಂದ ದಿನ ಟ್ರೇ ಮುಚ್ಚಳ ತೆಗೆದು ತೋರಿಸಿದ್ದೆನಲ್ಲ, ಆ ಬಿಲ್ಲೆಗಳಿಗೆ ಈ ಸಲ ತುಕ್ಕಿನ ಜೊತೆ ಸ್ವಲ್ಪ ತವರ ಬೆರೆಸಿದ್ದೆ. ಮುಂದಿನ ಸಾಲಿನ ಪ್ರತಿ ಬಿಲ್ಲೆಯೂ ಹಿಂದೆಂದೂ ಕೊಡದಷ್ಟು ಕರೆಂಟ್ ಕೊಟ್ಟಿತು. ದೀಪ ಹಾಕಿದ ಕೂಡಲೇ ಮೀಟರಿನ ಮುಳ್ಳು ಏರಿದ್ದನ್ನು ನೋಡಿ ನನಗೆ ನಂಬಿಕೆಯೇ ಬರಲಿಲ್ಲ. ಹಿಂದಿನ ಸಾಲಿನವು ಅಷ್ಟಕ್ಕಷ್ಟೇ. ನೀವು ಬರುವ ಮೊದಲೇ ಬಿಲ್ಲೆಗಳನ್ನು ಸುಟ್ಟ ಒಲೆಯೊಳಗೆ ಆ ಬದಿಗೆ ಶಾಖ ಸರಿಯಾಗಿ ತಗಲಿಲ್ಲವೇನೋ ಎಂದು ಪಕ್ಕಕ್ಕಿಟ್ಟಿದ್ದೇನೆ. ಕ್ಯಾರನ್ ಮೇಡಂ ಗ್ರಾಫ್ ನೋಡಿ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ವರ್ಷ ಮುಗಿಯುವುದರೊಳಗೆ ಪತ್ರಿಕೆಗೆ ಕಳಿಸೋಣ, ಅನುದಾನದ ಅರ್ಜಿಯಲ್ಲೂ ಇದನ್ನೇ ಮೊದಲ ಪುಟದಲ್ಲಿ ಹಾಕೋಣ ಅಂದಿದ್ದಾರೆ.

ನೀವು ಬಂದು ಹೋದ ಕಾಲ್ಗುಣ ಎನ್ನಬೇಕೆನಿಸುತ್ತಿದೆ. ವಿಜ್ಞಾನದವಳು, ಅನ್ನಬಾರದು. ಕಾಗದದಲ್ಲಿ ತಾನೇ, ಅಂದುಬಿಟ್ಟೆ.

ನಿಮ್ಮ ಸೊಸೆ,
ಜಾಹ್ನವಿ


ಬೆಲ್‌ವ್ಯೂ
೨೦ ನವೆಂಬರ್ ೨೦೧೩

ಅತ್ತೆ,

ನಿಮ್ಮ ಕಾಗದ ನಿನ್ನೆ ಬಂತು. ಕಂಡಕ್ಟರ್ ವಿಷಯ ಓದಿ ನಕ್ಕೆವು.

ಒಂದೆರಡು ವಿಷಯ ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಕುಂಕುಮ ಇಟ್ಟೆ ಎಂದು ಬರೆದಿದ್ದೀರಲ್ಲ, ಅದು ಯಾವ ಬಿಲ್ಲೆಗಳಿಗೆ? ನೀವು ನಿಂತಿದ್ದ ಕಡೆಯ ಸಾಲಿಗೆ ಮಾತ್ರವೋ, ಗೋಡೆಯ ಕಡೆಯವಕ್ಕೂ ಇಟ್ಟಿರೋ? ಚುಕ್ಕೆ ಬಿಲ್ಲೆಯ ನಡುವೆ ಇಟ್ಟಿರೋ, ಅಂಚಿಗೋ? ಕುಂಕುಮ ಅಂಗಡಿಯದೋ, ಚಿಕ್ಕತ್ತೆ ಮನೆಯಲ್ಲಿ ಮಾಡಿದ್ದೋ?

ನೆನಪಿದ್ದಷ್ಟು ಬರೆಯಿರಿ. ಇಲ್ಲಿ ಎಲ್ಲ ಚೆನ್ನಾಗಿದೆ.

ಜಾಹ್ನವಿ


ಮೈಸೂರು
೨೩ ನವೆಂಬರ್ ೨೦೧೩

ಜಾಣೆ ಸೊಸೆಗೆ,

ನಿನ್ನ ಎಂಟನೇ ತಾರೀಖಿನ ಕಾಗದ ಈಗ ಕೈಸೇರಿತು. ಓದಿ ಮುಗಿಸುವಷ್ಟರಲ್ಲಿ ಕನ್ನಡಕ ಒದ್ದೆಯಾಯಿತು. ಹಣದ ವಿಷಯ ಒಬ್ಬಳೇ ನುಂಗಿಕೊಂಡು ನನಗೆ ದಿನಾ ಬಿಸಿ ಚಪಾತಿ ಮಾಡಿ ಹಾಕುತ್ತಿದ್ದೆಯಲ್ಲ, ಅದನ್ನು ನೆನೆದರೆ ಸಂಕಟವಾಗುತ್ತದೆ. ಇರಲಿ, ಗಂಡಾಂತರ ಕಳೆಯಿತು.

ಕಾಲ್ಗುಣವಲ್ಲ ಮಹರಾಯ್ತಿ, ಕುಂಕುಮದ ಗುಣ. ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ತಲುಪಿತೋ ಇಲ್ಲವೋ. ಮುಂದಿನ ಸಾಲು ಚೆನ್ನಾಗಿ ಬಂತು ಎಂದು ನೀನು ಬರೆದದ್ದನ್ನು ಗೌರಾದೇವಿಗೆ ಎರಡು ಸಲ ಓದಿ ಹೇಳಿದೆ. ನಾನು ಕುಂಕುಮ ಇಟ್ಟದ್ದು ಆ ಸಾಲಿಗೇ. ಅವಳು ಟೀವಿ ಆರಿಸಿ, "ಇಟ್ಟಿದ್ದು ನೀನಾದ್ರೂ ಮಾಡಿದ್ದು ನಾನು" ಅಂದಳು. ಇಬ್ಬರೂ ಸೇರಿ ಮೈಸೂರ್ ಪಾಕ್ ತಂದು ಬೀದಿಗೆಲ್ಲ ಹಂಚಿದೆವು. ನಮ್ಮ ಡಿಪೊದ ರಿಟೈರಾದವರೆಲ್ಲ ತಿಂಗಳಿಗೊಮ್ಮೆ ಸೇರುತ್ತೇವಲ್ಲ, ಅಲ್ಲಿಯೂ ಹೇಳಿದೆ. ನನ್ನ ಸೊಸೆ ನೀರಲ್ಲಿ ಬಸ್ಸು ಓಡಿಸ್ತಾಳೆ ಅಂದೆ. ಸ್ವಲ್ಪ ಹೆಚ್ಚೇ ಹೇಳಿದೆನೇನೋ.

ಮುಂದಿನ ವರ್ಷ ನಾನು ಬರಲಾಗದಿದ್ದರೆ ನೀನೇ ಇಡು, ಮರೆಯಬೇಡ.

ಪ್ರೇಮಮ್ಮ


ಮೈಸೂರು
೫ ಡಿಸೆಂಬರ್ ೨೦೧೩

ಜಾಹ್ನವಿ,

ನಿನ್ನ ಪ್ರಶ್ನೆಗಳ ಕಾಗದ ಬಂದಿದೆ. ಮೊದಲು ಉತ್ತರ. ನಾನು ನಿಂತಿದ್ದ ಕಡೆಯ ಸಾಲಿಗೆ ಮಾತ್ರ ಇಟ್ಟೆ. ಗೋಡೆಯ ಕಡೆಯವು ಕೈಗೆ ಎಟುಕಲಿಲ್ಲ. ಚುಕ್ಕೆ ಇಟ್ಟದ್ದು ಕೆಳ ಅಂಚಿಗೆ, ತುಕ್ಕಿನ ಮೇಲೆಯೇ. ಕುಂಕುಮ ಗೌರಾದೇವಿ ಮಾಡಿದ್ದು.

ಇನ್ನು ನನ್ನ ಪ್ರಶ್ನೆ. ಏನಾಗಿದೆ?

ಡಿಪೊದಲ್ಲಿ ಯಾವುದಾದರೂ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಮೇಲಿನವರು ಬಂದು ಹೀಗೇ ಕೇಳುತ್ತಿದ್ದರು. ಯಾರು ಮುಟ್ಟಿದರು, ಯಾವ ಕಡೆಯಿಂದ ಮುಟ್ಟಿದರು, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇವೆ. ಸುಮ್ಮನೆ ಯಾರೂ ಕೇಳುತ್ತಿರಲಿಲ್ಲ. ನಿನ್ನ ಕಾಗದ ಎರಡನೇ ಸಲ ಓದಿದೆ. ಎಲ್ಲ ಚೆನ್ನಾಗಿದೆ ಎಂದು ಬರೆಯುವವಳು ನೀನಲ್ಲ, ಚೆನ್ನಾಗಿದ್ದರೆ ಯಾವುದು ಚೆನ್ನಾಗಿದೆ ಎಂದು ಬರೆಯುತ್ತೀಯ.

ಸುಹಾಸನನ್ನು ಕೇಳಿದೆ. "ಅದೆಲ್ಲ ಟೆಕ್ನಿಕಲ್ ಅಮ್ಮ, ಬಿಡು" ಅಂದ. ನನ್ನ ಬೆರಳಿನಿಂದ ನಿನ್ನ ಕೆಲಸ ಕೆಟ್ಟಿದ್ದರೆ ನನಗೆ ನೀನೇ ಹೇಳಬೇಕು.

ಪ್ರೇಮಮ್ಮ


ಬೆಲ್‌ವ್ಯೂ
೨೧ ಡಿಸೆಂಬರ್ ೨೦೧೩

ಅತ್ತೆ,

ನಾನೇ ಹೇಳುತ್ತೇನೆ, ಪೂರ್ತಿ ಓದಿ. ಅರ್ಧಕ್ಕೆ ಎದ್ದು ಹೋಗಿ ಅಳುತ್ತಾ ಕೂರಬೇಡಿ.

ನೀರನ್ನು ಒಡೆಯುವುದು ಬಿಲ್ಲೆಗೆ ಕಷ್ಟದ ಕೆಲಸ. ಕುಂಕುಮದಲ್ಲಿರುವ ಅರಿಶಿನವನ್ನು ಕರಗಿಸಿ ಸುಡುವುದು ಸುಲಭದ ಕೆಲಸ. ಬೆಳಕು ಬಿದ್ದ ಕೂಡಲೇ ಅದು ಸುಲಭದ್ದನ್ನು ಮೊದಲು ಮಾಡಿತು, ಅದಕ್ಕೇ ಕರೆಂಟ್ ಅಷ್ಟು ಏರಿತು. ನಾನು ಸ್ವಲ್ಪ ಹೊತ್ತು ಅಳೆದು, ಖುಷಿಯಲ್ಲಿ ದೀಪ ಆರಿಸಿ, ಮುಂದಿನ ಬಿಲ್ಲೆಗೆ ಹೋದೆ. ಅಲ್ಲೇ ಬಿಟ್ಟಿದ್ದರೆ ಕುಂಕುಮ ಮುಗಿದು ಮುಳ್ಳು ಇಳಿಯುವುದು ಕಾಣುತ್ತಿತ್ತು. ನಿಮ್ಮ ಕಾಗದ ಬಂದ ಮೇಲೆ ಮತ್ತೆ ಹಾಕಿ ದಿನವೆಲ್ಲ ಬಿಟ್ಟು ನೋಡಿದೆ, ಇಳಿಯಿತು. ಪಕ್ಕಕ್ಕೆ ಎತ್ತಿಟ್ಟಿದ್ದ ಹಿಂದಿನ ಸಾಲೇ ನಿಜ ಹೇಳುತ್ತಿತ್ತು. ನನಗೆ ಬೇಕಾದ ಉತ್ತರ ಅದು ಕೊಡಲಿಲ್ಲವೆಂದು ನಾನು ಒಲೆಯ ಮೇಲೆ ತಪ್ಪು ಹೊರಿಸಿದ್ದೆ.

ಅಂಚಿನಲ್ಲಿದ್ದ ಚುಕ್ಕೆ ಯಾರಿಗೂ ಗೊತ್ತಿರಲಿಲ್ಲ ಅತ್ತೆ. ಪೇಪರ್ ಸಿದ್ಧವಾಗಿತ್ತು. ಸುಹಾಸ್ ಕೂಡ, "ಒಂದು ಚುಕ್ಕೆ ಕುಂಕುಮಕ್ಕೆ ಏನಾಗತ್ತೆ, ಸುಮ್ನೆ ಸಬ್ಮಿಟ್ ಮಾಡು, ಜಾಹ್ನವಿ" ಅಂದರು. ನನ್ನ ಮೇಲಿನ ಕನಿಕರಕ್ಕೆ ಅಂದದ್ದು. ನಾನು ಒಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕಳಿಸಿಬಿಟ್ಟರೆ ಹಣ ಬರುತ್ತದೆ, ಡಿಗ್ರಿ ಬರುತ್ತದೆ ಎಂದೇ ಯೋಚಿಸುತ್ತಿದ್ದೆ. ಆಮೇಲೆ ಇನ್ನೆಲ್ಲೋ ಒಬ್ಬ ಹುಡುಗಿ ನನ್ನ ಪೇಪರ್ ಓದಿ, ತುಕ್ಕಿಗೆ ತವರ ಬೆರೆಸಿ, ಯಾಕೆ ಬರುತ್ತಿಲ್ಲ ಎಂದು ವರ್ಷಗಟ್ಟಲೆ ತಲೆ ಚಚ್ಚಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಮಾರನೇ ದಿನ ಮೇಡಂ ಬಾಗಿಲು ತಟ್ಟಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು. ಅರ್ಜಿಯ ಮೊದಲ ಪುಟ ಹೋಯಿತೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅದೃಷ್ಟ ಬರಲೆಂದು ಇಟ್ಟರಾ ಎಂದು ಕೇಳಿದರು. ಅಲ್ಲ, ಅನ್ನ ಕೊಡುವ ಸಾಮಾನಿಗೆ ನಾವು ವರ್ಷಕ್ಕೊಮ್ಮೆ ಕೈಮುಗಿಯುತ್ತೇವೆ, ಅದಕ್ಕೆ ಅಂದೆ. ಅವರ ಅಜ್ಜ ಇಲ್ಲೇ ಬ್ಯಾಲರ್ಡ್ ಬಂದರಿನಿಂದ ಹೋಗಿ ಮೀನು ಹಿಡಿಯುತ್ತಿದ್ದರಂತೆ. ವಸಂತದಲ್ಲಿ ಪಾದ್ರಿ ಬಂದು ಹರಸದೆ ದೋಣಿ ಬಿಡುತ್ತಿರಲಿಲ್ಲವಂತೆ. ಅಷ್ಟು ಹೇಳಿ ಕನ್ನಡಕ ಮತ್ತೆ ಹಾಕಿಕೊಂಡು, "ನಿನ್ನ ಅತ್ತೆಯನ್ನು ಬೈಯಬೇಡ. ಟ್ರೇ ಮುಚ್ಚಳ ತೆಗೆದಿಟ್ಟು ಹೋದದ್ದು ನೀನು" ಅಂದರು. ಅದು ನಿಜ.

ಈಗ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿಲ್ಲ. ಮಾರ್ಚ್ ಹತ್ತಿರ ಬರುತ್ತಿದೆ. ಆದರೆ ಒಂದು ಮಾತು ನಿಮಗೆ ಬರೆಯಲೇಬೇಕು. ನಾನು ಇಲ್ಲಿ ಸೇರಿ ಮೂರು ವರ್ಷವಾಯಿತು. ಸುಹಾಸ್ ಒಂದು ದಿನವೂ ಆ ಲ್ಯಾಬಿನೊಳಗೆ ಬಂದಿಲ್ಲ, ಕೆಳಗೆ ಕಾರಿನಲ್ಲೇ ಕಾಯುತ್ತಾರೆ. ನಮ್ಮಮ್ಮ ನನ್ನ ವಿಷಯ ಯಾರಾದರೂ ಕೇಳಿದರೆ "ಇನ್ನೂ ಓದ್ತಿದಾಳೆ" ಎಂದು ಮಾತು ಬದಲಿಸುತ್ತಾರೆ. ಆ ಬಿಲ್ಲೆಗಳನ್ನು ನೋಡಿ, ಇದು ನನಗೆ ಅನ್ನ ಕೊಡುವ ಸಾಮಾನು ಎಂದು ಎಣಿಸಿದವರು ನೀವೊಬ್ಬರೇ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮಾಡಿದ್ದನ್ನು ಬಚ್ಚಿಡದೆ ಬರೆದಿರಿ, ಅದರಿಂದ ಪೇಪರ್ ಹೊರಗೆ ಹೋಗುವ ಮೊದಲೇ ನನಗೆ ತಿಳಿಯಿತು. ನಾನು ನಿಮಗೆ ಋಣಿ.

ಒಂದು ಉಪಕಾರ ಬೇಕು. ಕುಂಕುಮದಿಂದಲೇ ಹೀಗಾಯಿತೆಂದು ಹೊಸ ಬಿಲ್ಲೆಗಳ ಮೇಲೆ ತೋರಿಸಬೇಕು. ಇಲ್ಲಿನ ಅಂಗಡಿಯ ಕುಂಕುಮದಲ್ಲಿ ಬಣ್ಣ ಬೆರೆಸಿರುತ್ತಾರೆ. ಅದೇ ಭರಣಿಯ ಕುಂಕುಮ ಸ್ವಲ್ಪ ಕಳಿಸುತ್ತೀರಾ? ಅದರಲ್ಲಿ ಏನೇನು ಹಾಕಿದೆ ಎಂದು ಚಿಕ್ಕತ್ತೆಯನ್ನು ಕೇಳಿ ಬರೆಯಿರಿ.

ಜಾಹ್ನವಿ


ಮೈಸೂರು
೧೮ ಜನವರಿ ೨೦೧೪

ಜಾಹ್ನವಿ,

ಅಳಬೇಡಿ ಎಂದು ನೀನು ಬರೆದಿದ್ದೆ. ಅತ್ತುಬಿಟ್ಟೆನಮ್ಮ, ಏನು ಮಾಡಲಿ. ಮನೆಯಲ್ಲಿ ಕೂತರೆ ಗೌರಾದೇವಿ ನೋಡುತ್ತಾಳೆಂದು ಬಸ್ಸು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋದೆ. ದೇವಸ್ಥಾನದಲ್ಲಿ ಅರ್ಚಕರು ಕುಂಕುಮ ಕೊಟ್ಟಾಗ ಕೈ ಒಡ್ಡಲು ಹಿಂಜರಿಕೆಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ.

ಇಳಿಯುವಾಗ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ಸ್ಟಿಯರಿಂಗಿಗೆ ಹೂವು, ಗಾಜಿಗೆ ವಿಭೂತಿ, ಗೇರಿಗೆ ಕುಂಕುಮ. ನೋಡುತ್ತಾ ಕೂತವಳಿಗೆ ನೆನಪಾಯಿತು. ನಮ್ಮ ಡಿಪೊದಲ್ಲಿ ಆಯುಧಪೂಜೆಗೆ ಬಸ್ಸಿನ ಯಾವ ಜಾಗಕ್ಕಾದರೂ ಕುಂಕುಮ ಇಡುತ್ತಿದ್ದೆವು, ಬ್ರೇಕಿಗೆ ಮಾತ್ರ ಇಡುತ್ತಿರಲಿಲ್ಲ. ಕಾಲು ಜಾರುತ್ತದೆ. ಹೊಸಬರು ಯಾರಾದರೂ ಬಗ್ಗಿದರೆ ಮೆಕ್ಯಾನಿಕ್ ತಿಪ್ಪಣ್ಣ ದೂರದಿಂದಲೇ, "ಬ್ರೇಕಿಗೆ ಬ್ಯಾಡ ಕಣ್ರೋ" ಎಂದು ಕೂಗುತ್ತಿದ್ದ. ಅದು ಇಡೀ ಡಿಪೊಗೆ ಗೊತ್ತಿದ್ದ ಕಟ್ಟಳೆ. ದೇವರಿಗೇನೂ ಅದರಿಂದ ಕೋಪ ಬಂದಿರಲಿಲ್ಲ, ಬಸ್ಸುಗಳು ಕ್ಷೇಮವಾಗಿ ಓಡಿದವು.

ನಿನ್ನ ಲ್ಯಾಬಿಗೆ ಬಂದಾಗ, ಇದರಲ್ಲಿ ಬ್ರೇಕು ಯಾವುದಮ್ಮ ಎಂದು ನಾನು ಕೇಳಬೇಕಿತ್ತು. ಕೇಳಿದ್ದರೆ ನೀನು ತೋರಿಸುತ್ತಿದ್ದೆ, ನಾನು ಬಾಗಿಲಿಗೋ ಮೇಜಿನ ಕಾಲಿಗೋ ಇಟ್ಟು ಕೈಮುಗಿಯುತ್ತಿದ್ದೆ. ಅಷ್ಟು ಹೊಳೆದ ಮೇಲೆ ಮನಸ್ಸು ಹಗುರವಾಯಿತು. ಇಟ್ಟದ್ದು ತಪ್ಪಲ್ಲ, ಇಟ್ಟ ಜಾಗ ತಪ್ಪು. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿದೆ.

ಪಾರ್ಸೆಲ್ ಕಳಿಸಿದ್ದೇನೆ. ಅದೇ ಭರಣಿ, ಅದೇ ಕುಂಕುಮ. ಸೊಸೆಗೆ ಬರೀ ಕುಂಕುಮ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ಒಂದು ರವಿಕೆ ಕಣ, ಹಸಿರು ಬಳೆ, ಹಬ್ಬದ ಎಳ್ಳುಬೆಲ್ಲ ಇಟ್ಟಿದ್ದೇನೆ. ಎಳ್ಳುಬೆಲ್ಲ ನಿಮ್ಮ ಮೇಡಂಗೂ ಕೊಡು. ಕೊಡುವಾಗ ಒಳ್ಳೆಯ ಮಾತಾಡಬೇಕೆಂದು ಅವರಿಗೆ ಹೇಳು, ಅವರು ಆಗಲೇ ಆಡಿದ್ದಾರೆ, ಆದರೂ ಹೇಳು.

ಕುಂಕುಮದಲ್ಲಿ ಅರಿಶಿನದ ಕೊಂಬು, ನಿಂಬೆಹಣ್ಣಿನ ರಸ, ಬಿಳಿಗಾರ, ಕೊನೆಗೆ ಒಂದಿಷ್ಟು ಎಳ್ಳೆಣ್ಣೆ ಇದೆ. ಇಷ್ಟನ್ನು ಬಾಯಿ ಬಿಡಿಸುವಷ್ಟರಲ್ಲಿ ಸಾಕಾಯಿತು. "ನನ್ನ ಕುಂಕುಮಕ್ಕೆ ಅಮೆರಿಕದಲ್ಲಿ ದೋಷ ಹೇಳ್ತಾರಾ" ಎಂದು ಗೌರಾದೇವಿ ಎರಡು ದಿನ ಮಾತು ಬಿಟ್ಟಿದ್ದಳು. ಅದು ಬಹಳ ಶುದ್ಧವಾಗಿರುವುದಕ್ಕೇ ಬೇಕಂತೆ ಎಂದು ಸಮಾಧಾನ ಮಾಡಿದ್ದೇನೆ. ಆಗ ಇನ್ನೊಂದು ಹಿಡಿ ತಂದು ಹಾಕಿದಳು.

ಮಾರ್ಚಿಗೆ ಏನಾದರೂ ಆಗಲಿ, ಡಿಪೊದವರಿಗೆ ನಾನು ಬೇರೆಯದನ್ನು ಹೇಳಿದ್ದೇನೆ. ನನ್ನ ಸೊಸೆ ಸುಳ್ಳು ಲೆಕ್ಕ ಬಂದಾಗ ಒಪ್ಪಲಿಲ್ಲ ಅಂದೆ. ಇದರಲ್ಲಿ ನಾನು ಹೆಚ್ಚು ಹೇಳಿಲ್ಲ.

ಪ್ರೇಮಮ್ಮ


ಬೆಲ್‌ವ್ಯೂ
೧೪ ಜೂನ್ ೨೦೧೪

ಅತ್ತೆ,

ನಡುವೆ ಬರೆದದ್ದೆಲ್ಲ ಚೂರುಪಾರು, ಇವತ್ತು ಕೂತು ಬರೆಯುತ್ತಿದ್ದೇನೆ. ಕೆಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಅನುದಾನ ನಮಗೆ ಸಿಗಲಿಲ್ಲ. ಆದರೆ ಮನೆಗೂ ಕಳಿಸಲಿಲ್ಲ. ಮೇಡಂ ಓಡಾಡಿ ನನಗೆ ಕಾಲೇಜು ಮಕ್ಕಳ ಲ್ಯಾಬ್ ನೋಡಿಕೊಳ್ಳುವ ಕೆಲಸ ಕೊಡಿಸಿದ್ದಾರೆ. ಹಗಲೆಲ್ಲ ಅವರು ಒಡೆದ ಗಾಜು ಗುಡಿಸುತ್ತೇನೆ, ಸಂಜೆ ನನ್ನ ಬಿಲ್ಲೆಗಳ ಹತ್ತಿರ ಹೋಗುತ್ತೇನೆ. ಪಿಎಚ್‌ಡಿ ಒಂದು ವರ್ಷ ಮುಂದಕ್ಕೆ ಹೋಯಿತು. ಯಾಕೆ ನನ್ನನ್ನು ಉಳಿಸಿಕೊಂಡಿರಿ ಎಂದು ಮೇಡಂ ಅವರನ್ನು ಒಂದು ದಿನ ಕೇಳಿಯೇಬಿಟ್ಟೆ. ನಿನ್ನ ಅಂಕಿಗಳನ್ನು ನಾನು ಎರಡು ಸಲ ನೋಡಬೇಕಾಗಿಲ್ಲ, ಅದಕ್ಕೆ ಅಂದರು. ನನಗೆ ಅಷ್ಟು ಸಾಕು.

ಹಿಂದಿನ ಸಾಲಿನ ಬಿಲ್ಲೆಗಳನ್ನು ಮತ್ತೆ ಮತ್ತೆ ಅಳೆದೆವು. ತವರ ಬೆರೆಸಿದ್ದರಿಂದ ನಿಜವಾಗಿಯೂ ಸ್ವಲ್ಪ ಲಾಭವಿದೆ. ಕುಣಿದಾಡುವಷ್ಟಲ್ಲ, ಆದರೆ ದಿನವೆಲ್ಲ ದೀಪ ಹಾಕಿಟ್ಟರೂ ಇಳಿಯುವುದಿಲ್ಲ. ನಿಮ್ಮ ಕುಂಕುಮ ಇಟ್ಟ ಹೊಸ ಬಿಲ್ಲೆಗಳು ನಾನು ಹೇಳಿದ ಹಾಗೆಯೇ ಏರಿ, ಆಮೇಲೆ ಇಳಿದವು. ಎರಡನ್ನೂ ಸೇರಿಸಿ ಒಂದು ಚಿಕ್ಕ ಪೇಪರ್ ಬರೆದೆವು. ಬೆರಳಿನ ಗುರುತಿನಷ್ಟು ಕೊಳೆಯೂ ಈ ಕೆಲಸದಲ್ಲಿ ಹೇಗೆ ಮೋಸ ಮಾಡುತ್ತದೆ, ಅದನ್ನು ಹಿಡಿಯುವುದು ಹೇಗೆ ಎಂದು. ಕೊಳೆ ಎನ್ನುವ ಪದ ಬರೆಯುವಾಗ ನನಗೆ ಬೇಸರವಾಯಿತು, ಬೇರೆ ಪದ ಸಿಗಲಿಲ್ಲ. ಕೊರಿಯಾದಿಂದ ಒಬ್ಬರು ಆಗಲೇ ಬರೆದಿದ್ದಾರೆ. ಅವರೂ ಇಂಥದ್ದೇ ಏರಿಕೆ ನೋಡಿ ತಲೆ ಕೆಡಿಸಿಕೊಂಡಿದ್ದರಂತೆ, ಈಗ ತಿಳಿಯಿತಂತೆ, ಥ್ಯಾಂಕ್ಸ್ ಎಂದು.

ಪೇಪರಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಎರಡನೇ ಪುಟ ನೋಡಿ. ಯಾವ ಸಾಮಾನು ಎಲ್ಲಿಂದ ತಂದೆವು ಎಂದು ಅಲ್ಲಿ ಬರೆಯಬೇಕು, ಅದು ನಿಯಮ. ಗಾಜು ಇಂಥ ಕಂಪನಿಯದು, ಕಬ್ಬಿಣದ ಲವಣ ಇಂಥ ಕಂಪನಿಯದು, ತವರ ಇಂಥ ಕಂಪನಿಯದು. ಅದೇ ಸಾಲಿನಲ್ಲಿ, ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ: ಕುಂಕುಮ, ಗೌರಾದೇವಿ ಮತ್ತು ಪ್ರೇಮಮ್ಮ, ಮೈಸೂರು. ಯಾರ ಹೆಸರು ಮೊದಲು ಎಂದು ನೀವಿಬ್ಬರೂ ಜಗಳವಾಡಬೇಡಿ, ಮಾಡಿದವರ ಹೆಸರು ಮೊದಲು ಬರುತ್ತದೆ.

ಬಿಲ್ಲೆಗಳ ಟ್ರೇಗೆ ಈಗ ಬೀಗವಿರುವ ಮುಚ್ಚಳ ಮಾಡಿಸಿದ್ದೇನೆ. ಅದರ ಮೇಲೆ ಕನ್ನಡದಲ್ಲಿ "ಬ್ರೇಕು" ಎಂದು ಬರೆದು ಅಂಟಿಸಿದೆ. ಮೇಡಂ ಏನೆಂದು ಕೇಳಿದರು, ನಿಮ್ಮ ಡಿಪೊದ ಕಟ್ಟಳೆ ಹೇಳಿದೆ. ಈಗ ಲ್ಯಾಬಿನಲ್ಲಿ ಯಾರಾದರೂ ಕೈಗವಸು ಹಾಕದೆ ಅದರ ಹತ್ತಿರ ಹೋದರೆ ಚೀನಾದ ಹುಡುಗನೂ "ಬ್ರೇಕು, ಬ್ರೇಕು" ಎಂದು ಕೂಗುತ್ತಾನೆ.

ಹೋದ ಶನಿವಾರ ಸುಹಾಸ್ ಕಾರು ನಿಲ್ಲಿಸಿ ಮೇಲೆ ಬಂದರು. ನಾನು ಕರೆದಿರಲಿಲ್ಲ. ಕೈಕಟ್ಟಿಕೊಂಡು ಎಲ್ಲವನ್ನೂ ನೋಡಿ, "ಇಷ್ಟ್ ದಿನ ಇಲ್ಲಿ ಒಬ್ಳೇ ಇರ್ತಿದ್ಯಾ?" ಅಂದರು. ಆಮೇಲೆ ಗುಳ್ಳೆ ಏಳುವುದನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ನಿಮ್ಮ ರವಿಕೆ ಕಣ ಹೊಲಿಸಿಕೊಂಡಿದ್ದೇನೆ. ಬಳೆ ಮನೆಯಲ್ಲಿ ಮಾತ್ರ ಹಾಕುತ್ತೇನೆ.

ನೀವು ಕೊಟ್ಟದ್ದಕ್ಕೆಲ್ಲ ಕೈಮುಗಿಯುತ್ತೇನೆ ಅತ್ತೆ. ಬಸ್ಸಿನಿಂದ ಇಳಿಯುವಾಗ ಹೇಳುವಷ್ಟು ಸುಲಭವಾಗಿ ಎದುರಿಗೆ ಹೇಳಲು ನನಗೆ ಬರುವುದಿಲ್ಲ.

ಜಾಹ್ನವಿ


ಮೈಸೂರು
೬ ಅಕ್ಟೋಬರ್ ೨೦೧೪

ಜಾಹ್ನವಿಗೆ,

ದಸರಾ ಮುಗಿಯಿತು, ಬೀದಿಯಲ್ಲಿ ಈಗ ನಡೆಯಲು ಜಾಗವಿದೆ. ನೀನು ಕೇಳಿದ್ದಕ್ಕೆ ಉತ್ತರ: ಬರುತ್ತೇನೆ. ಏಪ್ರಿಲ್‌ಗೆ ಟಿಕೆಟ್ ನೋಡಲು ಸುಹಾಸನಿಗೆ ಹೇಳು. ಲ್ಯಾಬಿಗೆ ಬಂದರೆ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತೇನೆ.

ಗೌರಾದೇವಿ ಆ ಎರಡನೇ ಪುಟವನ್ನು ಜೆರಾಕ್ಸ್ ಮಾಡಿಸಿ ಕಂಡವರಿಗೆಲ್ಲ ಕೊಟ್ಟಿದ್ದಾಳೆ. ಅವಳ ಹೆಸರಿನ ಕೆಳಗಿನ ಪೆನ್ಸಿಲ್ ಗೆರೆ ಈಗ ಪೆನ್ನಿನದಾಗಿದೆ. ನನ್ನ ಹೆಸರಿನ ಕೆಳಗೆ ಇನ್ನೂ ಪೆನ್ಸಿಲ್ಲೇ ಇದೆ.

ಈ ಸಲ ಆಯುಧಪೂಜೆಗೆ ಮನೆಯಲ್ಲಿ ಏನಿಡುವುದು ಎಂದು ಯೋಚಿಸಿದೆ. ಈಳಿಗೆ ಮಣೆ, ಕತ್ತರಿ, ಗೌರಾದೇವಿಯ ಹೊಲಿಗೆ ಯಂತ್ರ ಇಟ್ಟೆ. ನನ್ನದು ಎಂದು ಪೆನ್ನು ಇಟ್ಟೆ. ಅದರ ಪಕ್ಕದಲ್ಲಿ ನಿನ್ನ ಪೇಪರ್ ಇಟ್ಟೆ. ಆ ಇಂಗ್ಲಿಷು ನನಗೆ ಸರಾಗವಾಗಿ ಓದಲು ಬರುವುದಿಲ್ಲ, ಓದಿದರೂ ಅರ್ಥವಾಗುವುದಿಲ್ಲ. ಆದರೂ ಕೂತು ಒಂದೊಂದೇ ಪುಟ ತಿರುಗಿಸಿ ನೋಡಿದೆ.

ನಿನ್ನ ಹೆಸರಿರುವ ಮೊದಲ ಪುಟಕ್ಕೆ ಅರಿಶಿನ ಕುಂಕುಮ ಇಟ್ಟೆ. ನಮ್ಮ ಹೆಸರಿರುವ ಪುಟಕ್ಕೆ ಇಟ್ಟೆ. ಆಮೇಲೆ ಮುಳ್ಳು ಏರಿದ್ದು, ಇಳಿದದ್ದು, ಇಳಿಯದೆ ನಿಂತದ್ದು ಎಲ್ಲ ಗೆರೆ ಎಳೆದು ಅಂಕಿ ಹಾಕಿರುವ ಪುಟ ಬಂತು. ಗೌರಾದೇವಿ ಭರಣಿ ಹಿಡಿದು, "ಇದಕ್ಕೂ ಇಡು" ಅಂದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿ, ಆ ಪುಟವನ್ನು ಹಾಗೇ ಬಿಟ್ಟು, ಕಣ್ಣಿಗೆ ಒತ್ತಿಕೊಂಡು ಮಡಚಿಟ್ಟೆ.

"ಅದು ಬ್ರೇಕು ಕಣೇ" ಅಂದೆ.

ಪ್ರೇಮಮ್ಮ